ಸಹಕಾರ ಸಂಘಗಳ ಇಮೇಲ್‌ಗೆ ದೃಢೀಕರಣ ಬೇಕು

ಸಂಪಾದಕರಿಗೆ,

ಮಾನ್ಯರೇ,

ನಾನು ಕಾರ್ಯದರ್ಶಿಯಾಗಿರುವ ಪತ್ತಿನ ಸಹಕಾರ ಸಂಘವು ಕಳೆದ ವರ್ಷ ವಾರ್ಷಿಕ ಮಹಾಸಭೆಯ ತಿಳಿವಳಿಕೆ ಪತ್ರವನ್ನು ಸದಸ್ಯರಿಗೆ ಇಮೇಲ್ ಮೂಲಕವೂ ಕಳುಹಿಸಿತ್ತು. ಎಲ್ಲವೂ ರವಾನೆಯಾಗಿದೆ ಎಂದೇ ನಮ್ಮ ಕಂಪ್ಯೂಟರ್ ತೋರಿಸಿತು. ಸಭೆಗೆ ಬಾರದವರನ್ನು ವಿಚಾರಿಸಿದಾಗ, ಹಲವರ ಪತ್ರ ಸ್ಪ್ಯಾಮ್ ಫೋಲ್ಡರ್‌ನಲ್ಲಿ ಬಿದ್ದಿದ್ದು ತಿಳಿಯಿತು. ಎದುರಿನ ಸರ್ವರ್ (ಸದಸ್ಯರ ಇಮೇಲ್ ಸೇವೆಯ ಕಂಪ್ಯೂಟರ್) ಪತ್ರವನ್ನು ಸ್ವೀಕರಿಸುವುದು ಬೇರೆ, ಅದು ಸದಸ್ಯರ ಇನ್‌ಬಾಕ್ಸ್‌ಗೆ ಸೇರುವುದು ಬೇರೆ ಎಂಬ ಮೊದಲ ಪಾಠವನ್ನೇ ನಾವು ಕಲಿತಿರಲಿಲ್ಲ.

ಇಮೇಲ್ ಸಾಗಿಸುವ ಎಸ್‌ಎಂಟಿಪಿ ಪದ್ಧತಿ 1982ರದ್ದು. ಇನ್‌ಲ್ಯಾಂಡ್ ಪತ್ರದ ಮೇಲೆ 'ಇಂದ' ಎಂಬಲ್ಲಿ ಯಾರ ವಿಳಾಸವನ್ನಾದರೂ ಬರೆಯಬಹುದಾಗಿದ್ದಂತೆ ಅದರಲ್ಲಿಯೂ ಬರೆಯಬಹುದು. ಈ ಕೊರತೆಯನ್ನು ತುಂಬಲು ಬಂದವು ಎಸ್‌ಪಿಎಫ್, ಡಿಕಿಮ್ ಮತ್ತು ಡಿಮಾರ್ಕ್. ನಮ್ಮ ಡೊಮೇನ್ (ಇಮೇಲ್ ವಿಳಾಸದಲ್ಲಿ @ ಚಿಹ್ನೆಯ ನಂತರ ಬರುವ ಭಾಗ) ಹೆಸರಿನಲ್ಲಿ ಪತ್ರ ಕಳುಹಿಸಲು ಯಾವ ಸರ್ವರ್‌ಗಳಿಗೆ ಅಧಿಕಾರವಿದೆ ಎಂದು ಡಿಎನ್‌ಎಸ್ ಎಂಬ, ಡೊಮೇನ್‌ಗಳ ಸಾರ್ವಜನಿಕ ದಾಖಲೆ ವ್ಯವಸ್ಥೆಯಲ್ಲಿ ಪ್ರಕಟಿಸುವ ಪಟ್ಟಿಯೇ ಎಸ್‌ಪಿಎಫ್. ಒಂದು ಡೊಮೇನ್‌ಗೆ ಇಂತಹ ದಾಖಲೆ ಒಂದೇ ಇರಬೇಕು. ನಮ್ಮಲ್ಲಿ ಜಾಲತಾಣ ಮಾಡಿಕೊಟ್ಟವರು ಒಂದನ್ನು ಹಾಕಿದ್ದರು, ಸಗಟು ಇಮೇಲ್ ಸೇವೆ ಪಡೆದಾಗ ನಾವೇ ಇನ್ನೊಂದನ್ನು ಸೇರಿಸಿದ್ದೆವು. ಎರಡಾದ ಕಾರಣ ಎರಡೂ ಅಸಿಂಧುವಾಗಿದ್ದವು. ಡಿಕಿಮ್ ಎಂಬುದು ಸರ್ವರ್ ತನ್ನ ಗುಪ್ತ ಕೀಲಿಯಿಂದ ಪತ್ರಕ್ಕೆ ಹಾಕುವ ಡಿಜಿಟಲ್ ಸಹಿ.

ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಡಿಮಾರ್ಕ್ ಬಗ್ಗೆ. ಎಸ್‌ಪಿಎಫ್ ಪರಿಶೀಲಿಸುವುದು ತಲುಪದ ಪತ್ರ ಹಿಂದಿರುಗಬೇಕಾದ ವಿಳಾಸವನ್ನೇ ಹೊರತು, ಓದುಗರ ಕಣ್ಣಿಗೆ ಬೀಳುವ ಕಳುಹಿಸಿದವರ ವಿಳಾಸವನ್ನಲ್ಲ. ಹೀಗಾಗಿ ಆ ಹಿಂದಿರುಗುವ ವಿಳಾಸ ಸಗಟು ಸೇವೆಯದಾಗಿದ್ದರೆ ಅದರ ಡೊಮೇನ್ ಪಾಸಾಗಿ, ನಮ್ಮ ಹೆಸರು ಅನುಮಾನಕ್ಕೆ ಗುರಿಯಾಗಬಹುದು. ಎಸ್‌ಪಿಎಫ್, ಡಿಕಿಮ್ ಎರಡರಲ್ಲಿ ಒಂದಾದರೂ ಪಾಸಾಗಬೇಕು, ಪಾಸಾದ ಡೊಮೇನ್ ಕಣ್ಣಿಗೆ ಕಾಣುವ ಡೊಮೇನ್‌ಗೆ ಹೊಂದಬೇಕು ಎನ್ನುವುದು ಡಿಮಾರ್ಕ್‌ನ ನಿಯಮ; ಹೊಂದದ ಪತ್ರವನ್ನು ಸುಮ್ಮನೆ ಬಿಡಬೇಕೇ, ಸ್ಪ್ಯಾಮ್‌ಗೆ ಹಾಕಬೇಕೇ, ತಿರಸ್ಕರಿಸಬೇಕೇ ಎಂದು ಹೇಳುವ ಹಕ್ಕು ಡೊಮೇನ್ ಒಡೆಯರದು. ಮೊದಲು ಸುಮ್ಮನೆ ಬಿಡುವ ನೀತಿಯಿಟ್ಟು, ಪತ್ರ ಪಡೆದ ಇಮೇಲ್ ಸೇವೆಗಳಿಂದ ಬರುವ ವರದಿಗಳನ್ನು ಕೆಲವು ವಾರ ಓದಿ, ನಮ್ಮದೇ ಪತ್ರಗಳ ದೋಷ ತಿದ್ದಿಕೊಂಡು, ಬಳಿಕ ಬಿಗಿ ಮಾಡುವುದು ಸರಿಯಾದ ಕ್ರಮ. ಆದರೆ ಮೊದಲ ಹಂತದಲ್ಲಿಯೇ ನಿಂತುಬಿಟ್ಟರೆ ನಮ್ಮ ಹೆಸರಿನಲ್ಲಿ ಬರುವ ಖೋಟಾ ಪತ್ರಕ್ಕೆ ತಡೆಯಿಲ್ಲ. ಜನರ ಠೇವಣಿ ಇಟ್ಟುಕೊಂಡ ಸಂಸ್ಥೆಗಳು ಇದನ್ನು ಲಘುವಾಗಿ ಕಾಣುವುದು ನನ್ನ ದೃಷ್ಟಿಯಲ್ಲಿ ಕರ್ತವ್ಯಲೋಪವೇ ಸರಿ.

ವೈಯಕ್ತಿಕ ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳುಹಿಸುವವರಿಗೆ ಗೂಗಲ್ 2024ರ ಫೆಬ್ರುವರಿಯಿಂದ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಕಡ್ಡಾಯ ಮಾಡಿದೆ. ಯಾಹೂ ಕೂಡ ಸಗಟು ಕಳುಹಿಸುವವರಿಗೆ ಇದೇ ನಿಯಮ ತಂದಿದೆ. ಸಣ್ಣವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಬೇಕೇ ಬೇಕು. ಸ್ಪ್ಯಾಮ್ ಎಂದು ಗುರುತಿಸುವವರ ಪ್ರಮಾಣ ಶೇ 0.3ನ್ನು ಮುಟ್ಟಬಾರದು, ಅಂದರೆ ಸಾವಿರಕ್ಕೆ ಮೂವರ ದೂರೂ ಹೆಚ್ಚಾಯಿತು. ಆದ್ದರಿಂದ ದಾಖಲೆ ಸರಿಯಿದ್ದರಷ್ಟೇ ಸಾಲದು. ಬೌನ್ಸ್ ಆಗುವ (ಪತ್ರ ತಲುಪದೆ ಹಿಂದಿರುಗುವ) ಹಳೆಯ ವಿಳಾಸಗಳನ್ನು ಪಟ್ಟಿಯಿಂದ ತೆಗೆಯಬೇಕು, ಬೇಡವೆಂದವರಿಗೆ ಪ್ರಚಾರದ ಪತ್ರ ಕಳುಹಿಸುವುದನ್ನು ನಿಲ್ಲಿಸಬೇಕು.

ಕರ್ನಾಟಕ ರಾಜ್ಯ ಸಹಕಾರ ಮಹಾಮಂಡಳವು ತನ್ನ ತರಬೇತಿಗಳಲ್ಲಿ ಈ ವಿಷಯಕ್ಕೆ ಒಂದು ಗಂಟೆಯನ್ನಾದರೂ ಮೀಸಲಿಡಬೇಕೆಂದು ಕೋರುತ್ತೇನೆ. ಅಲ್ಲಿಯವರೆಗೆ ಕಾರ್ಯದರ್ಶಿಗಳು ಮುಂದಿನ ತಿಳಿವಳಿಕೆ ಪತ್ರವನ್ನು ಮೊದಲು ತಮ್ಮದೇ ಜಿಮೇಲ್‌ಗೆ ಕಳುಹಿಸಿ, ಕಂಪ್ಯೂಟರ್‌ನಲ್ಲಿ ಅದನ್ನು ತೆರೆದು, ಮೂರು ಚುಕ್ಕೆಗಳ ಮೆನುವಿನಲ್ಲಿ 'ಶೋ ಒರಿಜಿನಲ್' ಒತ್ತಿ ನೋಡಲಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಎದುರೂ 'ಪಾಸ್' ಎಂದು ಕಂಡ ಮೇಲೆಯೇ ಸದಸ್ಯರಿಗೆ ಕಳುಹಿಸಲಿ.

– ಸಹಕಾರ ಸಂಘವೊಂದರ ಕಾರ್ಯದರ್ಶಿ, ಶಿವಮೊಗ್ಗ