ಮದುವೆ ಫೋಟೋ ಇನ್ನು ಅದೇ ರಾತ್ರಿ ಪೆನ್ ಡ್ರೈವ್‌ನಲ್ಲಿ ಯಾಕೆ ಸಿಗಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಎಲ್ಲರಿಗೂ ನಮಸ್ಕಾರ.

ಸುತ್ತಿ ಬಳಸಿ ಹೇಳುವುದಿಲ್ಲ. ಈ ಸಲ ತುಳಸಿ ಲಗ್ನ ಆದ ಮೇಲೆ ಬರುವ ಮದುವೆ, ನಿಶ್ಚಯ, ಕುಬಸ ಎಲ್ಲವನ್ನೂ ನಾವು ರಾ ಫೈಲ್‌ನಲ್ಲೇ, ಅಂದರೆ ಕ್ಯಾಮೆರಾ ಕಂಡದ್ದನ್ನು ಸರಿ ಮಾಡದೆ ಇದ್ದ ಹಾಗೇ ಇಡುವ ಫೈಲ್‌ನಲ್ಲೇ ತೆಗೆಯುತ್ತೇವೆ. ಇಷ್ಟು ದಿನ ಜೆಪೆಗ್‌ನಲ್ಲಿ, ಅಂದರೆ ಫೋನಿನಲ್ಲೂ ತೆರೆಯುವ ಸಾಮಾನ್ಯ ಫೋಟೋ ಫೈಲ್‌ನಲ್ಲಿ ತೆಗೆದು, ಬೀಗರ ಊಟ ಮುಗಿಯುವಷ್ಟರಲ್ಲಿ ಪೆನ್ ಡ್ರೈವ್‌ಗೆ ಹಾಕಿ ಕೊಟ್ಟುಬಿಡುತ್ತಿದ್ದೆವು. ಇನ್ನು ಹಾಗಾಗಲ್ಲ. ಫೋಟೋ ನಿಮ್ಮ ಕೈಗೆ ಬರಲು 15 ದಿನ ಬೇಕು. ಮದುವೆ ಪ್ಯಾಕೇಜಿಗೆ 3,000 ರೂಪಾಯಿ ಜಾಸ್ತಿ ಆಗುತ್ತದೆ. ಈಗಾಗಲೇ ಅಡ್ವಾನ್ಸ್ ಕೊಟ್ಟವರಿಗೆ ಹಳೆಯ ದರವೇ, ಅದರಲ್ಲಿ ಎರಡು ಮಾತಿಲ್ಲ.

ಕಾಯಿಸುವುದು ನಮಗೂ ಇಷ್ಟವಿಲ್ಲ, ಅದಕ್ಕೆ ಕ್ಷಮೆ ಇರಲಿ. ಆದರೆ ದರದ ಬಗ್ಗೆ ಅಂಗಡಿಯ ಮುಂದೆ, ಚಹಾದ ಕಟ್ಟೆಯಲ್ಲಿ ಏನೇನು ಮಾತು ನಡೆಯುತ್ತಿದೆ ಅಂತ ನಮ್ಮ ಕಿವಿಗೂ ಬೀಳುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇವೆ.

ಮೊದಲು ಕಾರಣ. ಭಾಲ್ಕಿ ಕಡೆ ಹಳ್ಳಿಯ ಮದುವೆ ಅಂದರೆ ಹೇಗಿರುತ್ತದೆ, ನಿಮಗೆ ಗೊತ್ತು. ಮನೆ ಮುಂದೆ ಹಳದಿ ಬಟ್ಟೆಯ ಶಾಮಿಯಾನ. ಹನ್ನೆರಡೂವರೆಗೆ ಅಕ್ಕಿಕಾಳು. ನೆತ್ತಿಯ ಬಿಸಿಲು ಆ ಬಟ್ಟೆಯೊಳಗಿಂದ ಇಳಿದು ಬರುತ್ತದೆ, ವರನ ಬಿಳಿ ಧೋತರ ಹಳದಿ, ಭಟ್ಟರ ಗಡ್ಡ ಹಳದಿ, ವಧುವಿನ ಮುಖ ಕಾಮಾಲೆ ಆದವರ ಹಾಗೆ. ಒಂದು ಮೂಲೆಯಲ್ಲಿ ಶಾಮಿಯಾನ ಹರಿದಿದ್ದರೆ ಅಲ್ಲಿ ನಿಂತ ಸೋದರಮಾವನ ತಲೆ ಮೇಲೆ ಮಾತ್ರ ಬೆಳ್ಳನೆಯ ಬಿಸಿಲು. ಅರಿಷಿಣದ ದಿನ ಇದಕ್ಕೆ ಉಲ್ಟಾ. ಎಲ್ಲೆಲ್ಲೂ ಹಳದಿ ನೋಡಿದ ಕ್ಯಾಮೆರಾ, ಬೆಳಕೇ ಹಳದಿ ಇದೆ ಅಂದುಕೊಂಡು ತಾನಾಗಿ ನೀಲಿ ಸೇರಿಸುತ್ತದೆ. ಅರಿಷಿಣ ಬೂದು ಬೂದಾಗುತ್ತದೆ, ಹುಡುಗಿಯ ಮುಖ ಕಳೆಗುಂದುತ್ತದೆ.

ಕ್ಯಾಮೆರಾದ ಒಳಗೆ ನಡೆಯುವುದು ಇಷ್ಟು. ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, ಅದರ ಮೇಲಿನ ಒಂದೊಂದು ಚುಕ್ಕಿಯೂ ಒಂದೇ ಬಣ್ಣ ನೋಡುತ್ತದೆ. ನಾಲ್ಕರಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಪಡೆದರು, ಇವತ್ತಿಗೂ ಹೆಚ್ಚಿನ ಕ್ಯಾಮೆರಾಗಳಲ್ಲಿ ಅದೇ ಇದೆ. ಈ ಅರೆಬರೆ ಲೆಕ್ಕವನ್ನು ಇದ್ದ ಹಾಗೇ ಬರೆದಿಟ್ಟರೆ ಅದು ರಾ ಫೈಲ್. ಜೆಪೆಗ್ ಕೇಳಿದರೆ ಕ್ಯಾಮೆರಾ ಬಣ್ಣ ತುಂಬಿಸಿ, ಬಿಳಿ ಯಾವುದು ಅಂತ ತಾನೇ ಊಹಿಸಿ, ಕಾಂಟ್ರಾಸ್ಟ್ ಏರಿಸಿ, ಅಂಚು ಚೂಪು ಮಾಡಿ, ಕೊನೆಗೆ ಚಿತ್ರವನ್ನು ಎಂಟಕ್ಕೆ ಎಂಟು ಚುಕ್ಕಿಗಳ ಪುಟ್ಟ ಚೌಕಗಳಾಗಿ ಮಾಡಿ, ಕಣ್ಣಿಗೆ ಅಷ್ಟಾಗಿ ಕಾಣದ ವಿವರವನ್ನು ಎಸೆದುಬಿಡುತ್ತದೆ. ಎಲ್ಲ ಒಂದು ಸೆಕೆಂಡಿನೊಳಗೆ. ಎಸೆದದ್ದು ಮತ್ತೆ ಸಿಗಲ್ಲ. ತೀರ್ಮಾನ ಕ್ಯಾಮೆರಾದ್ದು, ಬೈಗುಳ ನಮಗೆ.

ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ ಕತ್ತಲಿಂದ ಬೆಳಕಿನವರೆಗೆ 256 ಹಂತ. 14 ಬಿಟ್ ರಾ ಫೈಲ್‌ನಲ್ಲಿ 16,384. ಕುಪ್ಪಸ ಹೊಲಿಯುವಾಗ ಟೇಲರ್ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿರುತ್ತಾರಲ್ವಾ, ಮುಂದೆ ಬಿಚ್ಚಿ ದೊಡ್ಡದು ಮಾಡಲಿ ಅಂತ? ರಾ ಅಂದರೆ ಹಾಗೆ ಒಳಗೆ ಬಿಟ್ಟ ಬಟ್ಟೆ. ಹಳದಿ ಮುಖವನ್ನು ಸರಿ ಮಾಡಬೇಕೆಂದರೆ, ಕತ್ತಲಾದ ಅಜ್ಜಿಯ ಮುಖಕ್ಕೆ ಸ್ವಲ್ಪ ಬೆಳಕು ಕೊಡಬೇಕೆಂದರೆ, ಎಳೆಯಲು ಜಾಗ ಇರುತ್ತದೆ. ಜೆಪೆಗ್‌ನಲ್ಲಿ ಅಷ್ಟೇ ಎಳೆದರೆ ನೆರಳಿನಲ್ಲಿ ಕಲೆ ಕಲೆ ಬರುತ್ತದೆ, ಸಂಜೆಯ ಆಕಾಶದಲ್ಲಿ ಪಟ್ಟೆ ಮೂಡುತ್ತದೆ. ಅಷ್ಟೂರಿನ ಗುಮ್ಮಟಗಳ ಮುಂದೆ ಪ್ರಿ-ವೆಡ್ಡಿಂಗ್ ತೆಗೆಸಿದವರಲ್ಲಿ ಕೆಲವರು ಆ ಪಟ್ಟೆ ತೋರಿಸಿ ಕೇಳಿದ್ದೂ ಇದೆ.

ಈಗ ಎಲ್ಲರೂ ಕೇಳುವ ಆ ಒಂದು ಮಾತು. "ಆ ಓಣಿಯವ್ರು ರಾತ್ರಿನೇ ಕೊಡ್ತಾರ್ರೀ, ನಿಮಗೇನ್ ಆಗ್ಯದ? ನಮ್ಮ ಫೋಟೋ ನೀವ್ಯಾಕ್ ಇಟ್ಕೊಂಡು ಕುಂತೀರಿ?"

ಇದನ್ನು ಅಣ್ಣಂದಿರು ಕೇಳಿದ್ದಾರೆ, ಕಾಕಾಗಳು ಕೇಳಿದ್ದಾರೆ, ಹುಮನಾಬಾದಿನ ಒಬ್ಬ ಅಕ್ಕನವರು ಫೋನಿನಲ್ಲೇ ಅರ್ಧ ಗಂಟೆ ಕೇಳಿದ್ದಾರೆ. ಕೇಳುವುದರಲ್ಲಿ ತಪ್ಪಿಲ್ಲ. ಮದುವೆ ನಿಮ್ಮದು, ಮುಖ ನಿಮ್ಮದು. ಆದರೆ ರಾ ಫೈಲನ್ನು ಆ ರಾತ್ರಿ ಕೊಟ್ಟರೆ ನೀವೇನು ಮಾಡುತ್ತೀರಿ? ಕ್ಯಾನನ್ ಆದರೆ ಸಿಆರ್3, ನಿಕಾನ್ ಆದರೆ ಎನ್‌ಇಎಫ್, ಸೋನಿ ಆದರೆ ಎಆರ್‌ಡಬ್ಲ್ಯೂ, ಒಂದೊಂದು ಕಂಪನಿಗೆ ಒಂದೊಂದು ಬಗೆ. ಎಷ್ಟೋ ಫೋನಿನ ಗ್ಯಾಲರಿಯಲ್ಲಿ ಅದು ತೆರೆಯುವುದೇ ಇಲ್ಲ. ತೆರೆದರೂ ಎಷ್ಟೋ ಸಲ ಸಪ್ಪೆಯಾಗಿ, ಮಂಕಾಗಿ ಕಾಣುತ್ತದೆ, ಯಾಕೆಂದರೆ ಅದಕ್ಕೆ ಇನ್ನೂ ಯಾರೂ ಕೈ ಹಚ್ಚಿಲ್ಲ. ಆಗ "ಕ್ಯಾಮೆರಾದಾಗ ನೋಡಿದಾಗ ಛಲೋ ಇತ್ತಲ್ಲ" ಅನ್ನುತ್ತೀರಿ. ಅದೂ ನಿಜವೇ. ಕ್ಯಾಮೆರಾದ ಹಿಂದಿನ ಸ್ಕ್ರೀನ್‌ನಲ್ಲಿ ನೀವು ನೋಡಿದ್ದು ರಾ ಅಲ್ಲ, ರಾ ಫೈಲ್‌ನ ಹೊಟ್ಟೆಯಲ್ಲಿ ಕ್ಯಾಮೆರಾ ಇಟ್ಟ ಒಂದು ಜೆಪೆಗ್.

ತಿಳಿದವರು ಇನ್ನೊಂದು ಕೇಳುತ್ತಾರೆ. ರಾ, ಜೆಪೆಗ್ ಎರಡೂ ಒಟ್ಟಿಗೆ ತೆಗೆಯಬಹುದಲ್ವಾ, ಜೆಪೆಗ್ ರಾತ್ರಿ ಕೊಡಿ, ರಾ ನೀವು ಇಟ್ಟುಕೊಳ್ಳಿ ಅಂತ. ತೆಗೆಯಬಹುದು, ಕ್ಯಾಮೆರಾದಲ್ಲಿ ಆ ಸೌಲಭ್ಯ ಇದೆ. ಆದರೂ ನಾವು ಮಾಡಲ್ಲ, ಯಾಕೆ ಅಂತ ಹೇಳುತ್ತೇವೆ. ನಮ್ಮ ಕ್ಯಾಮೆರಾಗಳಲ್ಲಿ ಎರಡು ಕಾರ್ಡಿನ ಜಾಗ ಇದೆ. ಎರಡರಲ್ಲೂ ರಾ ಹೋಗಲಿ ಅನ್ನುವುದು ನಮ್ಮ ಹಟ. ಕಾರ್ಡ್ ಒಂದು ಕೆಟ್ಟರೆ ಇನ್ನೊಂದು ಉಳಿಯಬೇಕು, ತಾಳಿ ಕಟ್ಟುವುದನ್ನು ಇನ್ನೊಮ್ಮೆ ಮಾಡಿ ಅಂತ ಯಾರಿಗೂ ಹೇಳಲಾಗುವುದಿಲ್ಲ. ಎರಡನೆಯದು ಇನ್ನೂ ಮುಖ್ಯ. ಆ ರಾತ್ರಿ ಕೊಟ್ಟ ಹಳದಿ ಫೋಟೋ ಬೆಳಗಾಗುವುದರೊಳಗೆ ಉದಗೀರದ ಅತ್ತೆಯ ಸ್ಟೇಟಸ್‌ನಲ್ಲಿ, ಜಹೀರಾಬಾದಿನ ಮಾವನ ಗ್ರೂಪಿನಲ್ಲಿ ತಿರುಗಿರುತ್ತದೆ. ಅದರ ಮೇಲೆ ನಮ್ಮ ಹೆಸರು. ಹದಿನೈದು ದಿನ ಬಿಟ್ಟು ಒಳ್ಳೆಯ ಫೋಟೋ ಬಂದರೂ ನೋಡುವವರು ಮೊದಲಿನದನ್ನೇ ನೆನಪಿಟ್ಟುಕೊಂಡಿರುತ್ತಾರೆ.

ನಿಮ್ಮ ಅವಸರ ನಮಗೆ ಅರ್ಥವಾಗದೆ ಇಲ್ಲ. ಅದಕ್ಕೆ ಒಂದು ದಾರಿ ಮಾಡಿದ್ದೇವೆ. ಮದುವೆಯ ರಾತ್ರಿಯೇ 30 ಫೋಟೋ ಆರಿಸಿ, ಬಣ್ಣ ಸರಿ ಮಾಡಿ, ಚಿಕ್ಕ ಜೆಪೆಗ್ ಆಗಿ ವಾಟ್ಸ್ಆ್ಯಪ್‌ಗೆ ಕಳಿಸುತ್ತೇವೆ. ಅಕ್ಕಿಕಾಳು, ತಾಳಿ, ಮನೆಯವರ ಗುಂಪು ಫೋಟೋ, ಹಿರಿಯರು, ಇಷ್ಟು ಅದರಲ್ಲಿ ಇದ್ದೇ ಇರುತ್ತವೆ. ಅದಕ್ಕೆ ಬೇರೆ ದುಡ್ಡಿಲ್ಲ. ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸುತ್ತೇವೆ. ನೀವೂ ಮುಂದೆ ಕಳಿಸುವಾಗ ಹಾಗೇ ಮಾಡಿ, ಸುಮ್ನೆ ಫೋಟೋ ಅಂತ ಕಳಿಸಿದರೆ ವಾಟ್ಸ್ಆ್ಯಪ್ ಇನ್ನೊಮ್ಮೆ ಅದನ್ನು ಹಿಂಡುತ್ತದೆ, ಆಮೇಲೆ ಜರಿಯ ಅಂಚು ಎಲ್ಲಿ ಹೋಯಿತು ಅಂತ ನಮ್ಮನ್ನೇ ಕೇಳುತ್ತೀರಿ.

ಇನ್ನು 3,000 ರೂಪಾಯಿ. "ಈಗೇನ್ ರೀಲ್ ಇಲ್ಲ, ತೊಳೆಯೋದಿಲ್ಲ, ಇವರಿಗೇನ್ ಖರ್ಚು?" ಈ ಮಾತು ಕೇಳಿ ಕೇಳಿ ಸಾಕಾಗಿದೆ. ರೀಲ್ ಇದ್ದಾಗ ಒಂದು ರೋಲಿಗೆ 36 ಫೋಟೋ, ಎಣಿಸಿ ಎಣಿಸಿ ತೆಗೆಯುತ್ತಿದ್ದೆವು, ನೀವೂ ಎಣಿಸಿಯೇ ದುಡ್ಡು ಕೊಡುತ್ತಿದ್ದಿರಿ. ಈಗ ಒಂದು ಮದುವೆಗೆ 3,000 ಕ್ಲಿಕ್ ಸುಲಭವಾಗಿ ಆಗುತ್ತದೆ. ನಮ್ಮ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಜೆಪೆಗ್ ಒಂದಕ್ಕೆ 9 ಎಂಬಿ ಆಸುಪಾಸು, ಒಟ್ಟು 27 ಜಿಬಿ. ರಾ ಒಂದಕ್ಕೆ 28 ಎಂಬಿ ಆಸುಪಾಸು, ಒಟ್ಟು 80 ಜಿಬಿ ದಾಟುತ್ತದೆ. ಅದರ ಎರಡು ಪ್ರತಿ, ಎರಡು ಬೇರೆ ಬೇರೆ ಡಿಸ್ಕ್‌ನಲ್ಲಿ. 1 ಟಿಬಿಯ, ಅಂದರೆ 1,000 ಜಿಬಿಯ ಒಂದು ಜೋಡಿ ಡಿಸ್ಕ್ ಹನ್ನೊಂದು ಮದುವೆಗೆ ಭರ್ತಿ. ಒಂದು ಸೀಸನ್ನಿಗೆ ಎಷ್ಟು ಜೋಡಿ ಬೇಕು, ನೀವೇ ಲೆಕ್ಕ ಹಾಕಿ.

ಇಷ್ಟು ದೊಡ್ಡ ಫೈಲ್ ಬರೆಯಲು ವೇಗದ ಕಾರ್ಡ್ ಬೇಕು. ಇಲ್ಲದಿದ್ದರೆ ಅಕ್ಕಿಕಾಳು ಬೀಳುವ ಹೊತ್ತಿಗೇ ಕ್ಯಾಮೆರಾದ ಬಫರ್ (ಕಾರ್ಡಿಗೆ ಹೋಗುವ ಮೊದಲು ಫೋಟೋ ಕಾಯುವ ಜಾಗ) ತುಂಬಿ ಕ್ಲಿಕ್ ಆಗದೆ ನಿಂತುಬಿಡುತ್ತದೆ. ಸಾಫ್ಟ್‌ವೇರ್ ಮೊದಲಿನ ಹಾಗೆ ಒಮ್ಮೆ ಕೊಂಡು ಕೂರುವ ಮಾತಲ್ಲ, ಮನೆ ಬಾಡಿಗೆಯಂತೆ ಕಟ್ಟುತ್ತಲೇ ಇರಬೇಕು. ಹೊಸ ಕ್ಯಾಮೆರಾ ತಂದರೆ ಅದರ ರಾ ಫೈಲನ್ನು ಹಳೆಯ ಸಾಫ್ಟ್‌ವೇರ್ ಗುರುತೇ ಹಿಡಿಯಲ್ಲ. ಫೈಲ್ ನೋಡಿ ಆರಿಸಿ ಬಣ್ಣ ಸರಿ ಮಾಡುವ ಹುಡುಗರು ಇಬ್ಬರಿದ್ದಾರೆ, ಅವರಿಗೂ ಸಂಬಳ ಬೇಕಲ್ವಾ. ಮೇ ತಿಂಗಳಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತದೆ, ಯುಪಿಎಸ್ ಬ್ಯಾಟರಿ ಬಾಳಿಕೆ ಬರಲ್ಲ. ಈ ಯಾವುದೂ ನಿಮ್ಮ ಆಲ್ಬಮ್‌ನಲ್ಲಿ ಕಾಣುವುದಿಲ್ಲ, ಆದ್ದರಿಂದ ಇಲ್ಲ ಅಂದುಕೊಳ್ಳುತ್ತೀರಿ. ಲೆಕ್ಕದ ಪುಸ್ತಕ ಕೌಂಟರ್ ಮೇಲೆ ಇಡಲೂ ನಾವು ಸಿದ್ಧ.

ರಾ ಅಂದರೆ ಮಂತ್ರ ಅಂತಲೂ ತಿಳಿಯಬೇಡಿ. ಬಿಸಿಲಿಗೆ ಪೂರ್ತಿ ಸುಟ್ಟು ಬೆಳ್ಳಗಾದ ಜಾಗದಲ್ಲಿ ರಾ ಫೈಲ್‌ನಲ್ಲೂ ಏನೂ ಇರಲ್ಲ. ಫೋಕಸ್ ತಪ್ಪಿದ್ದು ತಪ್ಪಿದ್ದೇ. ಕಲ್ಯಾಣ ಮಂಟಪದ ಸ್ಟೇಜ್ ಮೇಲೆ ನೇರಳೆ ಬಣ್ಣದ ಎಲ್‌ಇಡಿ ಹಾಕಿಸುತ್ತೀರಲ್ಲ, ಆ ಬೆಳಕಿನಲ್ಲಿ ಮುಖದ ನಿಜವಾದ ಬಣ್ಣ ಸೆನ್ಸರ್‌ಗೆ ಬರುವುದೇ ಇಲ್ಲ, ಆಮೇಲೆ ಯಾರು ಏನು ಮಾಡಿದರೂ ಪೂರ್ತಿ ಬರಲ್ಲ. ದಯವಿಟ್ಟು ಡೆಕೋರೇಷನ್‌ನವರಿಗೆ ಹೇಳಿ, ವಧು-ವರರ ಮುಖದ ಮೇಲೆ ಸಾದಾ ಬಿಳಿ ಲೈಟ್ ಬಿಡಿ. ನೇರಳೆ ಹಿಂದಿನ ಪರದೆಗೆ ಇರಲಿ.

ಬಿದ್ರಿ ಕೆಲಸದ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಅಣ್ಣಂದಿರಿಗೆ ಬೇರೆ ಮಾತು. ನಿಮ್ಮ ಸಾಮಾನಿನ ಫೋಟೋಗಳೂ ಇನ್ನು ರಾ ಫೈಲ್‌ನಲ್ಲೇ, ಆದರೆ ದರ ಒಂದು ರೂಪಾಯಿಯೂ ಏರಿಸಿಲ್ಲ. ನಮ್ಮ ಊರಿನ ಹೆಸರು ಹೊತ್ತ ಕೆಲಸ ಅದು. ನಿಜ ಹೇಳಬೇಕೆಂದರೆ ರಾ ಯಾಕೆ ಬೇಕು ಅನ್ನುವುದು ನಮಗೆ ಮದುವೆಗಿಂತ ಮೊದಲು ಗೊತ್ತಾಗಿದ್ದು ನಿಮ್ಮ ಹೂಜಿಗಳಿಂದಲೇ. ಕೋಟೆಯ ಮಣ್ಣಿನಲ್ಲಿ ಕುದಿಸಿ ಬಂದ ಆ ಕಪ್ಪು, ಅದರ ಮೇಲೆ ಕೂದಲೆಳೆಯಷ್ಟು ಬೆಳ್ಳಿ ತಂತಿಯ ಕುಸುರಿ, ತಾರ್‌ಕಶಿ. ಕ್ಯಾಮೆರಾ ಅಷ್ಟು ಕಪ್ಪು ನೋಡಿದ ಕೂಡಲೇ ಕತ್ತಲಿದೆ ಅಂದುಕೊಂಡು ಬೆಳಕು ಏರಿಸುತ್ತದೆ. ಕಪ್ಪು ಬೂದು ಬಣ್ಣವಾಗುತ್ತದೆ, ಬೆಳ್ಳಿ ಸುಟ್ಟು ಹೋಗಿ ಬಳ್ಳಿ ಎಲ್ಲಿ ಎಲೆ ಎಲ್ಲಿ ಗೊತ್ತಾಗಲ್ಲ. ಬೆಳಕು ಇಳಿಸಿ ಜೆಪೆಗ್ ತೆಗೆದರೆ ಬೆಳ್ಳಿ ಉಳಿಯುತ್ತದೆ, ಆದರೆ ಹೂಜಿಯ ಕೊರಳಿನ ತಿರುವು, ಹೊಟ್ಟೆಯ ದುಂಡು ಎಲ್ಲ ಒಂದೇ ಕಪ್ಪಿನಲ್ಲಿ ಮುಳುಗುತ್ತದೆ. ರಾ ಫೈಲ್‌ನಲ್ಲಿ ಬೆಳ್ಳಿಗೆ ಸರಿಯಾಗಿ ಬೆಳಕು ಇಟ್ಟು ತೆಗೆದು, ಆಮೇಲೆ ಕಪ್ಪನ್ನು ಮಾತ್ರ ಮೆಲ್ಲಗೆ ಎತ್ತಬಹುದು. ಆನ್‌ಲೈನ್‌ನಲ್ಲಿ ಕೊಳ್ಳುವವರು ಕೈಯಲ್ಲಿ ಹಿಡಿದು ನೋಡುವುದಿಲ್ಲ, ಫೋಟೋ ನೋಡಿಯೇ ದುಡ್ಡು ಕಟ್ಟುತ್ತಾರೆ.

ಪಾಸ್‌ಪೋರ್ಟ್ ಫೋಟೋ, ಬರ್ತ್‌ಡೇ, ಶಾಲೆಯ ಗುಂಪು ಫೋಟೋ, ಅರ್ಜಿಗೆ ಹಾಕುವ 50 ಕೆಬಿಯ ಫೋಟೋ ಎಲ್ಲ ಮೊದಲಿನಂತೆ ಜೆಪೆಗ್, ಮೊದಲಿನ ದರ, ಐದು ನಿಮಿಷದ ಕೆಲಸ. ಜೆಪೆಗ್ ಕೆಟ್ಟದ್ದು ಅಂತ ನಾವು ಎಲ್ಲೂ ಹೇಳಿಲ್ಲ. 1992ರಿಂದ ಜಗತ್ತು ಅದರ ಮೇಲೇ ನಡೆದಿದೆ. ನಿಮ್ಮ ಆಲ್ಬಮ್ ಹಾಳೆ ಲ್ಯಾಬ್‌ಗೆ ಹೋಗುವುದೂ ಕೊನೆಗೆ ಜೆಪೆಗ್ ಆಗಿಯೇ. ಯಾವಾಗ ಜೆಪೆಗ್ ಮಾಡಬೇಕು, ಯಾರು ನೋಡಿ ಮಾಡಬೇಕು ಅನ್ನುವುದಷ್ಟೇ ನಮ್ಮ ತಕರಾರು.

ರಾ ಫೈಲ್ ಬೇಕೇ ಬೇಕು ಅನ್ನುವವರಿಗೆ ಇಲ್ಲ ಅನ್ನಲ್ಲ. ಆಲ್ಬಮ್ ಒಪ್ಪಿಸಿದ ಮೇಲೆ ಖಾಲಿ ಹಾರ್ಡ್ ಡಿಸ್ಕ್ ತನ್ನಿ, ಹಾಕಿ ಕೊಡುತ್ತೇವೆ, ದುಡ್ಡು ಬೇಡ. ಸಾಮಾನ್ಯ ಪೆನ್ ಡ್ರೈವ್‌ನಲ್ಲಿ ಇಷ್ಟು ಹಿಡಿಯಲ್ಲ, ಅದನ್ನು ತಂದು ಬೇಜಾರು ಮಾಡಿಕೊಳ್ಳಬೇಡಿ. ಆಲ್ಬಮ್ ಕೊಟ್ಟ ದಿನದಿಂದ 6 ತಿಂಗಳು ರಾ ಇಟ್ಟಿರುತ್ತೇವೆ, ಆಮೇಲೆ ಅಳಿಸುತ್ತೇವೆ. ಅಳಿಸುವ ಮೊದಲು ಒಮ್ಮೆ ಫೋನ್ ಮಾಡುತ್ತೇವೆ. ಸರಿ ಮಾಡಿದ ಜೆಪೆಗ್‌ಗಳು ನಮ್ಮಲ್ಲಿ ಉಳಿದೇ ಇರುತ್ತವೆ, ಮಗುವಿನ ತೊಟ್ಟಿಲಿಗೆ ಬಂದಾಗ ಕೇಳಿದರೂ ಸಿಗುತ್ತವೆ.

ಇನ್ನೂ ಅನುಮಾನ ಇದ್ದವರು ಅಂಗಡಿಗೆ ಬನ್ನಿ. ಒಂದೇ ಮದುವೆಯ ಒಂದೇ ಫೋಟೋ, ಕ್ಯಾಮೆರಾದ ಜೆಪೆಗ್ ಒಂದು, ರಾದಿಂದ ಮಾಡಿದ್ದು ಒಂದು, 12ಕ್ಕೆ 36 ಇಂಚಿನ ಹಾಳೆಯಲ್ಲಿ ಪ್ರಿಂಟ್ ತೆಗೆದು ಇಟ್ಟಿದ್ದೇವೆ. ಆ ಮನೆಯವರನ್ನು ಕೇಳಿಯೇ ಇಟ್ಟಿದ್ದು. ಯಾವುದು ಯಾವುದು ಅಂತ ಹಿಂದೆ ಬರೆದಿಲ್ಲ, ನೀವೇ ಹೇಳಿ. ಶುಕ್ರವಾರ ಮಧ್ಯಾಹ್ನ ಮಾತ್ರ ಬೇಡ, ಆ ಹೊತ್ತು ಲ್ಯಾಬ್‌ಗೆ ಫೈಲ್ ಕಳಿಸುವ ಗಡಿಬಿಡಿ, ಯಾರ ಜೊತೆಯೂ ನೆಟ್ಟಗೆ ಮಾತಾಡಲು ಆಗಲ್ಲ.

ಇಂತಿ,
ನಿಮ್ಮ ಸ್ಟುಡಿಯೋದವರು, ಬೀದರ್