ಹಂಪಿ ಪ್ರವಾಸ: ಹರಿಗೋಲು ಮತ್ತು ಮೊಬೈಲ್

ಎಂಟನೇ ತರಗತಿಯ ಪೋಷಕರಿಗೆ ನಮಸ್ಕಾರ.

ಪ್ರವಾಸದ ಚೀಟಿ ಮನೆಗೆ ಬಂದ ದಿನದಿಂದ ಆಫೀಸಿನ ಫೋನಿಗೆ ಬಿಡುವಿಲ್ಲ. ಹಂಪಿಗೆ ಯಾರದೂ ತಕರಾರಿಲ್ಲ. ತಕರಾರು ಇರುವುದು ಒಂದೇ ಸಾಲಿಗೆ: "ಮಕ್ಕಳು ಮೊಬೈಲ್ ತರುವಂತಿಲ್ಲ."

ಹೋದ ವರ್ಷ ಆಗಿದ್ದನ್ನು ಮುಚ್ಚಿಡುವುದಿಲ್ಲ. ಹಂಪಿಯ ತುಂಗಭದ್ರಾ ನದಿಯಲ್ಲಿ, ಚಕ್ರತೀರ್ಥದ ಹತ್ತಿರ, ಹರಿಗೋಲಿನಲ್ಲಿ ಒಬ್ಬ ಹುಡುಗ ಸೆಲ್ಫಿಗೆ ಕೈ ಚಾಚಿದ. ಮೊಬೈಲ್ ನೀರಿಗೆ ಬಿತ್ತು. ಅದನ್ನು ಹಿಡಿಯಲು ಅವನು ಬಗ್ಗಿದ, ಅವನನ್ನು ಹಿಡಿಯಲು ಇನ್ನಿಬ್ಬರು ಬಗ್ಗಿದರು. ಹರಿಗೋಲು ಗುಂಡಗಿನ ಬುಟ್ಟಿ. ಎಲ್ಲರೂ ಒಂದೇ ಕಡೆ ವಾಲಿದರೆ ಅದೂ ವಾಲುತ್ತದೆ. ಅಂಬಿಗ ಗದರಿಸಿ ಕೂರಿಸಿದ. ಬಟ್ಟೆ ನೆನೆಯಿತು, ಅಷ್ಟೇ. ಆದರೆ "ಅಷ್ಟೇ" ಅನ್ನುವಾಗ ನನಗೆ ಈಗಲೂ ಎದೆ ಝಲ್ ಅನ್ನುತ್ತದೆ.

ಹಾಗಾದರೆ ಹರಿಗೋಲನ್ನೇ ಬಿಡಿ, ವಾಟರ್ ಪಾರ್ಕಿಗೆ ಕರೆದುಕೊಂಡು ಹೋಗಿ ಎಂದವರೂ ಇದ್ದಾರೆ. ಕ್ಷಮಿಸಿ, ಅದು ಆಗದ ಮಾತು. ಸುಮಾರು 1520ರಲ್ಲಿ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದೇ ದೋಣಿಯ ಬಗ್ಗೆ ಬರೆದಿದ್ದಾನೆ: ಬುಟ್ಟಿಯ ಹಾಗೆ ಗುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆ ಅಂತ. (ಇಪ್ಪತ್ತು ಜನ ಅಂದ ಕೂಡಲೇ ಗಾಬರಿ ಬೇಡ. ನಮ್ಮ ಲೆಕ್ಕ ಒಂದು ಹರಿಗೋಲಿಗೆ ಆರು ಮಕ್ಕಳು, ಒಬ್ಬ ಟೀಚರ್.) ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂದಿದೆ, ಬುಟ್ಟಿ ಮಾತ್ರ ಅದೇ. ಐನೂರು ವರ್ಷದ ಹಿಂದಿನವರು ಕೂತ ಹಾಗೇ ಕೂತು, ಕೋದಂಡರಾಮ ದೇವಸ್ಥಾನದ ಮುಂದಿನಿಂದ ಮೆಲ್ಲಗೆ ತೇಲಿಕೊಂಡು ಹೋಗುವುದು. ಬಂಡೆಯ ಮೇಲೆ ಕೆತ್ತಿದ ಕೋಟಿಲಿಂಗ, ಪುರಂದರ ಮಂಟಪ, ನದಿಯಲ್ಲಿ ಸಾಲಾಗಿ ನಿಂತ ಹಳೇ ಸೇತುವೆಯ ಕಲ್ಲುಕಂಬ ನೋಡುವುದು. ವಿಜಯನಗರ ಸೋತ 1565ರ ತಾಳಿಕೋಟೆ ಯುದ್ಧದ ಪಾಠ ನಾನೇ ಎಷ್ಟೋ ಸಲ ಮಾಡಿದ್ದೇನೆ. ಕ್ಲಾಸಿನಲ್ಲಿ ಆಕಳಿಸುವ ಮಕ್ಕಳು ಆ ಕಂಬಗಳ ಹತ್ತಿರ ಬಂದಾಗ ತಾವಾಗಿಯೇ ಪ್ರಶ್ನೆ ಕೇಳುತ್ತಾರೆ.

ಲೈಫ್ ಜಾಕೆಟ್ ಇಲ್ಲದೆ ಯಾರೂ ಹತ್ತುವುದಿಲ್ಲ. ದೋಣಿಯನ್ನು ಗಿರಗಿರ ತಿರುಗಿಸಬಾರದು ಎಂದು ಅಂಬಿಗರಿಗೆ ಮೊದಲೇ ಹೇಳಿದ್ದೇವೆ. ಮೇಲೆ ಹೊಸಪೇಟೆಯ ಅಣೆಕಟ್ಟಿನಿಂದ ನೀರು ಬಿಟ್ಟು ಹೊಳೆ ಏರಿದ್ದರೆ ದಡದಲ್ಲೇ ಬುತ್ತಿ ಬಿಚ್ಚಿ ತಿಂದು ವಾಪಸ್.

ಮತ್ತೆ ಮೊಬೈಲಿಗೇ ಬರುತ್ತೇನೆ. "ಮಗು ಜೊತೆ ಮಾತಾಡದಿದ್ದರೆ ನಿದ್ದೆ ಬರಲ್ಲ ಮೇಡಂ" ಎಂದು ಒಬ್ಬ ತಾಯಿ ಹೇಳಿದರು. ನಾನೂ ತಾಯಿಯೇ, ಅರ್ಥವಾಗುತ್ತದೆ. ಅದಕ್ಕೇ ಮೂವರು ಟೀಚರ್‌ಗಳ ನಂಬರ್ ಚೀಟಿಯ ಹಿಂದೆ ಇದೆ. ರಾತ್ರಿ ಊಟ ಆದ ಮೇಲೆ ಪ್ರತಿ ಮಗುವೂ ಮನೆಗೆ ಫೋನ್ ಮಾಡುತ್ತದೆ. ಫೋಟೋ ನಾವೇ ತೆಗೆದು ಕಳಿಸುತ್ತೇವೆ, ಸ್ವಲ್ಪ ಜಾಸ್ತಿಯೇ ಕಳಿಸುತ್ತೇವೆ. ಬಸ್ಸಿನಲ್ಲಿ ಇಟ್ಟುಕೊಂಡು ನದಿ ಹತ್ತಿರ ಕೊಟ್ಟುಬಿಡಲಿ ಎಂಬ ಸಲಹೆಯೂ ಬಂತು. ಒಳ್ಳೆಯ ಸಲಹೆಯೇ. ಆದರೆ ನಲವತ್ತೆಂಟು ಮೊಬೈಲ್ ಕಾಯುತ್ತಾ ಕೂತರೆ ನಲವತ್ತೆಂಟು ಮಕ್ಕಳನ್ನು ಯಾರು ಕಾಯಬೇಕು, ನೀವೇ ಹೇಳಿ. ಇದು ನಿಮ್ಮ ಮಕ್ಕಳ ಮೇಲಿನ ಅಪನಂಬಿಕೆ ಅಲ್ಲ. ಹೋದ ವರ್ಷ ಕೈ ಚಾಚಿದವನು ತರಗತಿಯಲ್ಲೇ ಅತಿ ಸಂಭಾವಿತ ಹುಡುಗ. ಬ್ಯಾಗಿನ ತಳದಲ್ಲಿ ಸುಮ್ನೆ ಒಂದು ಇಟ್ಟು ಕಳಿಸಿದರೂ ಅದು ಆಚೆ ಬಂದೇ ಬರುತ್ತದೆ, ನಿಮಗೂ ಗೊತ್ತು ಅಲ್ವಾ?

ಒಪ್ಪಿಗೆ ಚೀಟಿಗೆ ಸಹಿ ಹಾಕಿ ಗುರುವಾರದೊಳಗೆ ಕಳಿಸಿಕೊಡಿ.

ಇಂತಿ,
ಮುಖ್ಯ ಶಿಕ್ಷಕಿ

ಒಂದು ಜೊತೆ ಬಟ್ಟೆ ಜಾಸ್ತಿ ಇಡಿ. ಹರಿಗೋಲಿನ ತಳದಲ್ಲಿ ಸ್ವಲ್ಪ ನೀರು ಇದ್ದೇ ಇರುತ್ತದೆ.