ಹಿಂದೆ ನಿಂತವರಿಗೆ ಥ್ಯಾಂಕ್ಸ್

ಆಸ್ಟ್ರೇಲಿಯಾದ ರಾಕ್ ಬ್ಯಾಂಡ್ ಎಸಿ/ಡಿಸಿಯನ್ನು ಕೊನೆಗೂ ಕಣ್ಣಾರೆ ನೋಡಿ, ಕಿವಿಯಾರೆ ಕೇಳಿ ಬಂದೆ. 2024ರ ಪವರ್ ಅಪ್ ಟೂರ್, ಲಂಡನ್ನಿನ ವೆಂಬ್ಲಿ ಸ್ಟೇಡಿಯಂ. ಹೇಗಿತ್ತು ಅಂತ ಕೇಳಿದವರಿಗೆಲ್ಲ ಸಖತ್ತಾಗಿತ್ತು ಅಂತಷ್ಟೇ ಹೇಳಿದ್ದೆ. ಹೇಳಬೇಕಾದದ್ದು ಜಾಸ್ತಿ ಇದೆ, ಬಹುಪಾಲು ಥ್ಯಾಂಕ್ಸೇ.

ಮೊದಲನೆಯದು ಅವತ್ತು ವೇದಿಕೆಯ ಮೇಲೆ ಇಲ್ಲದವರಿಗೆ. 1973ರಲ್ಲಿ ಸಿಡ್ನಿಯಲ್ಲಿ ತಮ್ಮ ಆಂಗಸ್ ಜೊತೆ ಸೇರಿ ಈ ಬ್ಯಾಂಡ್ ಕಟ್ಟಿದ ಮಾಲ್ಕಮ್ ಯಂಗ್ ಅವರಿಗೆ. ಇಬ್ಬರೂ ಗಿಟಾರಿನವರು. ಸ್ಕೂಲ್ ಯೂನಿಫಾರ್ಮ್ ಹಾಕ್ಕೊಂಡು ವೇದಿಕೆ ತುಂಬ ಓಡಾಡುವ ಆಂಗಸ್ ಎಲ್ಲರಿಗೂ ಗೊತ್ತು. ಮಾಲ್ಕಮ್ ಹಿಂದೆ, ಗಿಟಾರಿನ ಸದ್ದು ಹೊರಡಿಸುವ ಆಂಪ್ ಪಕ್ಕ ನಿಂತಿರುತ್ತಿದ್ದರು. ದನಿಗೂಡಿಸುವ ಸಾಲು ಬಂದಾಗ ಮೈಕಿನ ಹತ್ತಿರ ಬರೋದು, ಹಾಡಿ ಮತ್ತೆ ಹಿಂದಕ್ಕೆ ಹೋಗೋದು. ದಪ್ಪ ತಂತಿ, ಕಡಿಮೆ ಗೇನ್ (ಅಂದರೆ ಸದ್ದು ಹೆಚ್ಚು ಒಡೆಯದ ಹಾಗೆ), ಗಟ್ಟಿ ಹೊಡೆತ. ಗ್ರೆಚ್ ಕಂಪನಿಯ ಗಿಟಾರಿನಲ್ಲಿ, ತಂತಿಯ ಕಂಪನ ಹಿಡಿಯುವ ಪಿಕಪ್‌ಗಳಲ್ಲಿ ಒಂದೇ ಒಂದನ್ನು ಉಳಿಸಿಕೊಂಡು ಉಳಿದದ್ದನ್ನು ಕಿತ್ತು ಹಾಕಿದ್ದರು. ಮರೆವಿನ ಕಾಯಿಲೆಯಿಂದ 2014ರಲ್ಲಿ ಬ್ಯಾಂಡ್ ಬಿಟ್ಟರು. 2017ರ ನವೆಂಬರಿನಲ್ಲಿ ತೀರಿಕೊಂಡರು. ಅವರು ನುಡಿಸುವುದನ್ನು ಎದುರಿಗೆ ನಿಂತು ಕೇಳುವ ಭಾಗ್ಯ ನನಗೆ ಸಿಗಲಿಲ್ಲ. ಆದರೆ ಆ ರಾತ್ರಿ ಕೇಳಿದ ಅಷ್ಟೂ ಹಾಡುಗಳ ಬೆನ್ನೆಲುಬು ಅವರದೇ.

ಅವರ ಜಾಗದಲ್ಲಿ ಈಗ ನಿಲ್ಲುವವರು ಸ್ಟೀವಿ ಯಂಗ್. ಮಾಲ್ಕಮ್ ಅವರ ಅಣ್ಣನ ಮಗ. 1988ರಲ್ಲೂ ಚಿಕ್ಕಪ್ಪ ಕುಡಿತ ಬಿಡಲು ಚಿಕಿತ್ಸೆಗೆ ಹೋಗಿದ್ದಾಗ ಇವರೇ ಬಂದು ನುಡಿಸಿ ಕೊಟ್ಟಿದ್ದರು. ಸ್ಟೀವಿ ಅವರ ಬಲಗೈಯನ್ನೇ ನಾನು ತುಂಬ ಹೊತ್ತು ನೋಡುತ್ತಾ ನಿಂತೆ. ಮೇಲಿಂದ ಕೆಳಕ್ಕೆ ಒಂದು ಹೊಡೆತ, ತಕ್ಷಣ ಅಂಗೈ ಊರಿ ತಂತಿ ಹಿಡಿದು ಸದ್ದು ನಿಲ್ಲಿಸೋದು, ಮತ್ತೆ ಹೊಡೆತ. ಆ ನಡುವಿನ ಖಾಲಿ ಜಾಗದಲ್ಲಿ ಡ್ರಮ್ ಬಂದು ಕೂರುತ್ತದೆ. ರೆಕಾರ್ಡಿನಲ್ಲಿ ಅದು ಕಿವಿಗೆ ಕೇಳುತ್ತದೆ, ಅಲ್ಲಿ ಎದೆಗೂಡಿಗೇ ಬಡಿಯಿತು. ಎರಡು ಗಂಟೆಗೂ ಮಿಕ್ಕ ಹೊತ್ತು ಅವರು ಒಮ್ಮೆಯೂ 'ನನ್ನನ್ನು ನೋಡಿ' ಅನ್ನಲಿಲ್ಲ. ಚಿಕ್ಕಪ್ಪನ ಹಾಗೇ ಮುಂದೆ ಬಂದು ಹಾಡಿದರು, ಹಿಂದೆ ಹೋಗಿ ನಿಂತರು. ನನಗೆ ಕಣ್ಣು ತುಂಬಿ ಬಂದದ್ದು ಆಗಲೇ. ವೇದಿಕೆಯ ಮೇಲೆ ದೊಡ್ಡ ಗಂಟೆ ಇಳಿದು ಬಂದಾಗ ಕುಣಿದೆ, ಕೊನೆಯಲ್ಲಿ ತೋಪು ಹಾರಿಸಿದಾಗ ಗಂಟಲು ಹರಿಯುವ ಹಾಗೆ ಕೂಗಿದೆ. ಅದೆಲ್ಲ ಬೇರೆ ಸಂತೋಷ.

ಹಾಡುಗಾರ ಬ್ರಯಾನ್ ಜಾನ್ಸನ್ ಅವರಿಗೆ ದೊಡ್ಡ ನಮಸ್ಕಾರ. 1980ರ ಫೆಬ್ರವರಿಯಲ್ಲಿ ಹಿಂದಿನ ಹಾಡುಗಾರ ಬಾನ್ ಸ್ಕಾಟ್ ತೀರಿಕೊಂಡ ಮೇಲೆ ಬಂದು, ಅದೇ ವರ್ಷ 'ಬ್ಯಾಕ್ ಇನ್ ಬ್ಲ್ಯಾಕ್' ಆಲ್ಬಂ ಹಾಡಿದವರು. 2016ರಲ್ಲಿ, ಹೀಗೇ ಹಾಡುತ್ತಾ ಹೋದರೆ ಕಿವಿ ಪೂರ್ತಿ ಹೋಗುತ್ತದೆ ಅಂತ ಡಾಕ್ಟರುಗಳು ಹೇಳಿ ಟೂರ್ ನಡುವೆಯೇ ನಿಲ್ಲಿಸಬೇಕಾಯಿತು. ಅವತ್ತೇ ನಾನು ಆಸೆ ಬಿಟ್ಟಿದ್ದೆ. ಸ್ಟೀಫನ್ ಆ್ಯಂಬ್ರೋಸ್ ಅನ್ನುವವರು ಅವರಿಗಾಗಿ ಕಿವಿಯೊಳಗೆ ಇಟ್ಟುಕೊಳ್ಳುವ ಹೊಸ ಬಗೆಯ ಉಪಕರಣ ಮಾಡಿಕೊಟ್ಟರು. ಮೊದಲು ಕಾರಿನ ಬ್ಯಾಟರಿಯಷ್ಟು ದೊಡ್ಡದಿತ್ತಂತೆ, ಆಮೇಲೆ ಚಿಕ್ಕದಾಯಿತು. ಆ್ಯಂಬ್ರೋಸ್ ಅವರೇ, ನಿಮ್ಮ ಹೊಟ್ಟೆ ತಣ್ಣಗಿರಲಿ. 76ರ ವಯಸ್ಸಿನ ಆ ಗಂಟಲು ಕೆಲವು ಕಡೆ ತಡವರಿಸಿತು, ನಿಜ. ಅಲ್ಲೆಲ್ಲ ಸ್ಟೇಡಿಯಂಗೆ ಸ್ಟೇಡಿಯಮ್ಮೇ ಹಾಡಿತು.

ಇನ್ನು ಹೆಸರು ಗೊತ್ತಿಲ್ಲದವರು. ನನ್ನ ಮುಂದೆ ಬಿಳಿ ಗಡ್ಡದ ಎತ್ತರದ ಅಂಕಲ್ ಒಬ್ಬರು ಮಗಳ ಜೊತೆ ನಿಂತಿದ್ದರು. ಎರಡನೇ ಹಾಡಿಗೆ ಹಿಂತಿರುಗಿ ನೋಡಿದರು, ಏನೂ ಮಾತಾಡದೆ ಪಕ್ಕಕ್ಕೆ ಸರಿದು ನನ್ನನ್ನು ಮುಂದಕ್ಕೆ ಬಿಟ್ಟರು. ಸ್ಟೀವಿ ಅವರ ಕೈ ನನಗೆ ಕಂಡದ್ದು ಅವರಿಂದ. ಬೇಲಿಯ ಆಚೆ ವೇದಿಕೆಗೆ ಬೆನ್ನು ಹಾಕಿ ನಿಂತು, ಒಂದು ಹಾಡನ್ನೂ ನೋಡದೆ ಲೋಟಗಟ್ಟಲೆ ನೀರು ಹಂಚಿದ ಸೆಕ್ಯುರಿಟಿ ಹುಡುಗಿಗೂ ಥ್ಯಾಂಕ್ಸ್. ಅಷ್ಟು ಗದ್ದಲದಲ್ಲೂ ಎರಡು ಗಿಟಾರನ್ನು ಬೇರೆಬೇರೆಯಾಗಿ ಕೇಳಿಸಿದ ಸೌಂಡ್‌ನವರಿಗಂತೂ ಎಷ್ಟು ಹೇಳಿದರೂ ಸಾಲದು.

ಕೊನೆಗೆ ನಮ್ಮ ಅಕ್ಕ. ಟಿಕೆಟ್ ತೆಗೆದವಳು ಅವಳು, ಇಯರ್‌ಪ್ಲಗ್ ಹಾಕ್ಕೋ ಅಂತ ಗದರಿಸಿದವಳೂ ಅವಳೇ. ಈ ಸಂಗೀತ ಅವಳಿಗೆ ಅಷ್ಟಕ್ಕಷ್ಟೇ. ಆದರೂ ಪೂರ್ತಿ ಹೊತ್ತು ಜೊತೆಗೆ ನಿಂತಳು. ಹೊರಗೆ ಬರುವಾಗ ಅವಳು ಕೇಳಿದ್ದು ಆಂಗಸ್ ಬಗ್ಗೆ ಅಲ್ಲ. "ಆ ಹಿಂದೆ ನಿಂತು ಬಾರಿಸ್ತಿದ್ರಲ್ಲ, ಅವರು ಯಾರೋ?" ಅಂದಳು. ಅಕ್ಕ, ಥ್ಯಾಂಕ್ಸ್ ಕಣೇ, ಆ ಪ್ರಶ್ನೆಗೂ ಸೇರಿಸಿ. 'ಬ್ಯಾಕ್ ಇನ್ ಬ್ಲ್ಯಾಕ್' ಕಳಿಸಿದ್ದೀನಿ. ಹೆಡ್‌ಫೋನ್ ಹಾಕ್ಕೊಂಡು ಎಡಗಡೆ ಗಿಟಾರ್ ಕೇಳು, ಅದು ಮಾಲ್ಕಮ್.